ಡ್ರಾಕುಲಾ ನಮ್ಮ ಬೇತಾಳನ ಕಾಪಿನಾ? ಒಬ್ಬ ಮ್ಯಾನೇಜರ್ ಬಿಡುವಿನಲ್ಲಿ ಬರೆದ ಕಾದಂಬರಿ, ಒಂದು ಹಳೇ ಕೆಮ್ಮಿನ ಕಥೆ

ಈ ಸಂಚಿಕೆಯನ್ನ ನಾನು ರೆಕಾರ್ಡ್ ಮಾಡ್ತಿರೋದು ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಹಿನ್ನೆಲೆಯಲ್ಲಿ ಕಪ್ಪೆ ಸದ್ದು ಕೇಳಿದರೆ ಸಹಿಸಿಕೊಳ್ಳಿ. ಕಾಲುವೆಗೆ ನೀರು ಬಿಟ್ಟಿದ್ದಾರೆ, ಸುತ್ತ ಎಲ್ಲಾ ಭತ್ತದ ನಾಟಿ. ಕಪ್ಪೆಗಳನ್ನ ಎಡಿಟ್ ಮಾಡೋ ಆ್ಯಪ್ ಇನ್ನೂ ಸಿಕ್ಕಿಲ್ಲ.

ಹೋದ ತಿಂಗಳು ಒಬ್ಬ ಕೇಳುಗರು ಒಂದು ರೀಲ್ ಕಳಿಸಿದ್ರು. ಮೂವತ್ತು ಸೆಕೆಂಡ್ ಇರಬಹುದು. ಡ್ರಾಕುಲಾ ಅನ್ನೋದು ಭಾರತದ ಬೇತಾಳನ ಕಾಪಿ, ಇಂಗ್ಲಿಷರು ನಮ್ಮ ಕಥೆ ಕದ್ದು ದುಡ್ಡು ಮಾಡಿದ್ರು ಅಂತ ಅದರಲ್ಲಿ ಒಬ್ಬ ಹೇಳ್ತಾನೆ. ಕೆಳಗೆ ಅವರ ಪ್ರಶ್ನೆ: “ಇದು ನಿಜಾನಾ?”

ಒಂದು ಸಾಲಿನ ಉತ್ತರ ಬೇಕು ಅಂದರೆ, ಕಾಪಿ ಅಲ್ಲ. ಆದರೆ ಬೇತಾಳನಿಗೂ ಡ್ರಾಕುಲಾಗೂ ನಡುವೆ ಒಂದು ದಾರಿ ಇದೆ, ಅದು ಒಬ್ಬ ಮನುಷ್ಯನ ಕೋರೆಹಲ್ಲಿನ ಮೂಲಕ ಹಾದು ಹೋಗುತ್ತೆ. ಅದನ್ನ ಹುಡುಕ್ತಾ ಹೋದವನಿಗೆ ಕೊನೆಗೆ ನಮ್ಮ ಮನೆಯದೇ ಒಂದು ವಿಷಯ ಸಿಕ್ಕಿತು. ಅದನ್ನೂ ಹೇಳ್ತೀನಿ.

ಆಫೀಸ್ ಮುಗಿದ ಮೇಲೆ ಬರೆಯೋನು

‘ಡ್ರಾಕುಲಾ’ ಬರೆದವನು ಬ್ರಾಮ್ ಸ್ಟೋಕರ್. 1847ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು. ಮೋಂಬತ್ತಿ ಬೆಳಕಿನಲ್ಲಿ, ಹಳೇ ಬಂಗಲೆಯಲ್ಲಿ ಕೂತು ಬರೆದಿರಬೇಕು ಅಂತ ನಮಗೆ ಅನಿಸುತ್ತೆ ಅಲ್ವಾ? ವಾಸ್ತವದಲ್ಲಿ ಅವನು ಮೊದಲು ಸರ್ಕಾರಿ ಗುಮಾಸ್ತ. ಅವನ ಮೊದಲ ಪುಸ್ತಕಗಳಲ್ಲಿ ಒಂದು, 1879ರದ್ದು, ಐರ್ಲೆಂಡಿನ ಸಣ್ಣ ಕೋರ್ಟುಗಳ ಗುಮಾಸ್ತರ ಕರ್ತವ್ಯಗಳ ಬಗ್ಗೆ ಬರೆದ ಕೈಪಿಡಿ. ರಕ್ತ ಇಲ್ಲ, ಕೋಟೆ ಇಲ್ಲ, ಬರೀ ಫೈಲು.

1878ರಲ್ಲಿ ಹೆನ್ರಿ ಇರ್ವಿಂಗ್ ಅನ್ನೋ ದೊಡ್ಡ ನಟ ಇವನನ್ನ ಲಂಡನ್ನಿನ ಲೈಸಿಯಂ ಥಿಯೇಟರಿಗೆ ಮ್ಯಾನೇಜರ್ ಆಗಿ ಕರೆಸಿಕೊಂಡ. ಅಲ್ಲಿಂದ ಎರಡೂವರೆ ದಶಕಕ್ಕೂ ಹೆಚ್ಚು ಕಾಲ ಸ್ಟೋಕರ್‌ನ ದಿನಚರಿ ಅಂದರೆ ಲೆಕ್ಕಪತ್ರ, ಟಿಕೆಟ್, ಸಂಬಳ, ಅಮೆರಿಕ ಟೂರಿನ ಹಡಗು ಮತ್ತು ರೈಲು ವ್ಯವಸ್ಥೆ, ಇರ್ವಿಂಗ್ ಪರವಾಗಿ ರಾಶಿ ರಾಶಿ ಪತ್ರ ಬರೆಯೋದು. ರಾತ್ರಿ ನಾಟಕ ಮುಗಿದ ಮೇಲೆ ಅತಿಥಿಗಳಿಗೆ ಊಟದ ವ್ಯವಸ್ಥೆ ಕೂಡ. ಹಾಗಾದರೆ ಕಾದಂಬರಿ ಯಾವಾಗ? ಬಿಡುವು ಸಿಕ್ಕಾಗ, ರಜೆಯಲ್ಲಿ.

‘ಡ್ರಾಕುಲಾ’ಗಾಗಿ ಅವನು ಮಾಡಿಕೊಂಡ ಟಿಪ್ಪಣಿಗಳು ಇವತ್ತಿಗೂ ಉಳಿದಿವೆ, ಅಮೆರಿಕದ ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂನಲ್ಲಿ. ಅದರಲ್ಲಿ ತಾರೀಖು ಇರೋ ಮೊದಲ ಹಾಳೆಗಳು 1890ರ ಮಾರ್ಚ್ ತಿಂಗಳವು. ಪುಸ್ತಕ ಬಂದದ್ದು 1897ರ ಮೇ 26ಕ್ಕೆ. ಅಂದರೆ ಏಳು ವರ್ಷ! ಕೈಗೆ ಸಿಕ್ಕ ಹೋಟೆಲ್ ಕಾಗದದ ಮೇಲೂ ಬರೆದಿದ್ದಾನೆ. ರೈಲು ಎಷ್ಟು ಗಂಟೆಗೆ ಹೊರಡುತ್ತೆ, ಯಾವ ತಾರೀಖಿಗೆ ಯಾವ ಪಾತ್ರ ಎಲ್ಲಿರುತ್ತೆ ಅಂತ ಕ್ಯಾಲೆಂಡರ್ ಹಾಕಿಕೊಂಡಿದ್ದಾನೆ. ಕಾದಂಬರಿ ಓದಿದವರಿಗೆ ಗೊತ್ತು, ಅದು ಪೂರ್ತಿ ಡೈರಿ, ಪತ್ರ, ಟೆಲಿಗ್ರಾಂಗಳಲ್ಲೇ ಇದೆ. ದಿನವಿಡೀ ಪತ್ರ ಬರೆಯೋ ಮ್ಯಾನೇಜರನಿಗೆ ಆ ರೂಪ ಕೈಗೆ ಸುಲಭವಾಗಿ ಒದಗಿರಬೇಕು ಅಂತ ನನಗನಿಸುತ್ತೆ.

ಇನ್ನೊಂದು ತಮಾಷೆ ಕೇಳಿ. ಟಿಪ್ಪಣಿಯಲ್ಲಿ ಮೊದಲು ಆ ಕೌಂಟ್‌ನ ಹೆಸರು ‘ವ್ಯಾಂಪೈರ್’ ಅನ್ನೋ ಪದವನ್ನೇ ಸ್ವಲ್ಪ ತಿರುಚಿದ್ದು. ರಕ್ಕಸನ ಹೆಸರು ರಕ್ಕಸಪ್ಪ ಅಂತ ಇಟ್ಟ ಹಾಗೆ. 1890ರ ಬೇಸಿಗೆಯಲ್ಲಿ ಸಂಸಾರ ಸಮೇತ ಇಂಗ್ಲೆಂಡಿನ ವಿಟ್ಬಿ ಅನ್ನೋ ಕಡಲೂರಿಗೆ ರಜೆಗೆ ಹೋದಾಗ, ಅಲ್ಲಿನ ಲೈಬ್ರರಿಯಲ್ಲಿ ವಿಲಿಯಂ ವಿಲ್ಕಿನ್ಸನ್ ಅನ್ನೋನು 1820ರಲ್ಲಿ ಬರೆದ ಇತಿಹಾಸದ ಪುಸ್ತಕ ಸಿಕ್ಕಿತು. ವಲೇಕಿಯ ಭಾಷೆಯಲ್ಲಿ ‘ಡ್ರಾಕುಲಾ’ ಅಂದರೆ ದೆವ್ವ, ಸೈತಾನ ಅನ್ನೋ ಅರ್ಥ ಇದೆ ಅಂತ ಅದರ ಅಡಿಟಿಪ್ಪಣಿಯಲ್ಲಿತ್ತು. ಹಳೇ ಹೆಸರು ಹೊಡೆದುಹಾಕಿ ಇದನ್ನ ಬರೆದುಕೊಂಡ. ಟ್ರಾನ್ಸಿಲ್ವೇನಿಯಾಕ್ಕೆ ಅವನು ಜೀವನದಲ್ಲೇ ಹೋಗಲಿಲ್ಲ. ಎಲ್ಲಾ ಲೈಬ್ರರಿಯಿಂದ ಬಂದದ್ದು.

ಇದನ್ನ ಯಾಕೆ ಇಷ್ಟು ವಿವರವಾಗಿ ಹೇಳ್ತಿದೀನಿ ಅಂದರೆ, “ಬರೀಬೇಕು, ಆದರೆ ಟೈಮಿಲ್ಲ” ಅಂತ ನನಗೆ ಮೆಸೇಜ್ ಮಾಡೋರು ತುಂಬಾ ಜನ. ನಮ್ಮ ಕಡೆಯವರನ್ನೇ ನೋಡಿ. ಹರಪನಹಳ್ಳಿಯ ಬೀಚಿ ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡ್ತಾ ನಗಿಸೋ ಪುಸ್ತಕ ಬರೆದರು. ಕೊಟ್ಟೂರಿನ ಕುಂ. ವೀರಭದ್ರಪ್ಪ ಆಂಧ್ರದ ಗಡಿ ಹಳ್ಳಿಗಳಲ್ಲಿ ಶಾಲೆ ಮೇಷ್ಟ್ರಾಗಿದ್ದುಕೊಂಡೇ ಕಾದಂಬರಿ ಬರೆದರು. ಅವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನೌಕರಿ ಬಿಟ್ಟು ಬೆಟ್ಟ ಹತ್ತಿದವರಲ್ಲ ಇವರು.

ಶೂ ಕೇಳೋಕೆ ಬಂದ ಹೆಣ

ಸ್ಟೋಕರ್ ಈ ರಕ್ತ ಕುಡಿಯೋ ಹೆಣವನ್ನ ಹುಟ್ಟಿಸಿದವನಲ್ಲ. ಅದು ಕಾದಂಬರಿಗಿಂತ ಮೊದಲು ಸರ್ಕಾರಿ ವರದಿಯಲ್ಲಿ ಬಂದಿತ್ತು. ಹೌದು, ಸರ್ಕಾರಿ ವರದಿಯಲ್ಲಿ!

1725. ಇವತ್ತಿನ ಸರ್ಬಿಯಾದ ಕಿಸಿಲೆವೋ ಅನ್ನೋ ಹಳ್ಳಿ. ಆಗ ಅದು ಆಸ್ಟ್ರಿಯಾ ಆಡಳಿತದಲ್ಲಿತ್ತು. ಪೀಟರ್ ಬ್ಲಗೋಯೆವಿಚ್ ಅನ್ನೋ ರೈತ ಸತ್ತ. ಆಮೇಲೆ ಎಂಟು ದಿನದಲ್ಲಿ ಒಂಬತ್ತು ಜನ ಸತ್ತರು. ಪೀಟರ್ ರಾತ್ರಿ ಬಂದು ನಮ್ಮ ಕುತ್ತಿಗೆ ಹಿಸುಕಿದ ಅಂತ ಸಾಯೋ ಮುಂಚೆ ಅವರು ಹೇಳಿದರಂತೆ. ಅವನ ಹೆಂಡತಿ, ಗಂಡ ಬಂದು ತನ್ನ ಶೂ ಕೇಳಿದ ಅಂತ ಹೇಳಿ ಊರೇ ಬಿಟ್ಟು ಹೋದಳು. ಹಳ್ಳಿಯವರು ಅಧಿಕಾರಿಯನ್ನ ಕರೆಸಿ, ಸಮಾಧಿ ಅಗೆಯೋಕೆ ಬಿಡ್ತೀರೋ ಇಲ್ಲಾ ನಾವೇ ಊರು ಬಿಡೋಣವೋ ಅಂತ ಕೂತರು. ಅಗೆದರು. ಹೆಣದ ಬಾಯಲ್ಲಿ ರಕ್ತ, ಹೊಸ ಉಗುರು ಬಂದ ಹಾಗೆ ಕಾಣ್ತಿತ್ತು. ಎದೆಗೆ ಗೂಟ ಹೊಡೆದು ಸುಟ್ಟರು. ಅಧಿಕಾರಿ ವರದಿ ಬರೆದು ಮೇಲಿನವರಿಗೆ ಕಳಿಸಿದ. ಇದರಲ್ಲಿ ತಪ್ಪಾಗಿದ್ದರೆ ಅದು ಭಯದಿಂದ ಹುಚ್ಚೆದ್ದ ಜನರದ್ದು, ನನ್ನದಲ್ಲ ಅನ್ನೋ ಅರ್ಥದ ಮಾತನ್ನೂ ಕೊನೆಗೆ ಸೇರಿಸಿದ. ಅಧಿಕಾರಿಗಳು ಎಲ್ಲಾ ಕಾಲದಲ್ಲೂ ಒಂದೇ ಥರ ನೋಡಿ.

ಆ ವರದಿ ವಿಯೆನ್ನಾದ ಪತ್ರಿಕೆಯಲ್ಲಿ ಅಚ್ಚಾಯಿತು. 1732ರಲ್ಲಿ ಮೆದ್ವೆಜಾ ಅನ್ನೋ ಇನ್ನೊಂದು ಸರ್ಬಿಯನ್ ಹಳ್ಳಿಯ ಬಗ್ಗೆ ಸೈನ್ಯದ ವೈದ್ಯ ಫ್ಲೂಕಿಂಗರ್ ಬರೆದ ವರದಿ ಯುರೋಪ್ ತುಂಬಾ ಓಡಾಡಿತು. ಅದೇ ವರ್ಷ ‘ವ್ಯಾಂಪೈರ್’ ಪದ ಇಂಗ್ಲಿಷ್ ಪತ್ರಿಕೆಗಳಿಗೂ ಬಂತು. ಇವತ್ತಿನ ಭಾಷೆಯಲ್ಲಿ ವೈರಲ್ ಆಯಿತು.

ಹಾಗಾದರೆ ಬಾಯಲ್ಲಿ ರಕ್ತ ಎಲ್ಲಿಂದ? ಇದಕ್ಕೆ ಸರಳ ಕಾರಣ ಇದೆ. ಸತ್ತ ಮೇಲೆ ದೇಹದೊಳಗಿನ ಬ್ಯಾಕ್ಟೀರಿಯಾ ಅನಿಲ ಉತ್ಪತ್ತಿ ಮಾಡುತ್ತೆ, ಹೊಟ್ಟೆ ಉಬ್ಬುತ್ತೆ. ಊಟ ಮಾಡಿ ದಪ್ಪ ಆದ ಹಾಗೆ ಕಾಣುತ್ತೆ. ಆ ಒತ್ತಡಕ್ಕೆ ಶ್ವಾಸಕೋಶದ ಕಡೆಯಿಂದ ಕೆಂಪು-ಕಪ್ಪು ದ್ರವ ಬಾಯಿ, ಮೂಗಿಗೆ ಬರುತ್ತೆ. ಮೇಲಿನ ಚರ್ಮ ಉಗುರಿನ ಸಮೇತ ಜಾರುತ್ತೆ, ಕೆಳಗಿನ ಎಳೇ ಭಾಗ ಹೊಸ ಉಗುರಿನ ಥರ ಕಾಣುತ್ತೆ. ಗೂಟ ಹೊಡೆದಾಗ ಅನಿಲ ನುಗ್ಗಿ ಹೊರಬಂದರೆ ನರಳಿದ ಸದ್ದೂ ಬರಬಹುದು. ಹಳ್ಳಿಯವರು ಕಂಡದ್ದು ಸುಳ್ಳಲ್ಲ. ಕಂಡದ್ದಕ್ಕೆ ಕೊಟ್ಟ ಅರ್ಥ ತಪ್ಪು.

1755ರಲ್ಲಿ ರಾಣಿ ಮರಿಯಾ ತೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನ ವರದಿ ನೋಡಿ, ಹೀಗೆ ಸಮಾಧಿ ಅಗೆದು ಹೆಣ ಸುಡೋದನ್ನ ನಿಷೇಧಿಸಿದಳು. ಹಳ್ಳಿಯಲ್ಲಿ ನಿಂತಿದ್ದು ಪುಸ್ತಕಕ್ಕೆ ಜಿಗಿಯಿತು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಪರಿಣಾಮವಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಆ ಮಳೆಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಕೂತ ಗೆಳೆಯರು ದೆವ್ವದ ಕಥೆ ಬರೆಯೋ ಪಂದ್ಯ ಕಟ್ಟಿದರು. ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಹುಟ್ಟಿದ್ದು ಅಲ್ಲೇ. ಕವಿ ಬೈರನ್‌ನ ಖಾಸಗಿ ಡಾಕ್ಟರ್ ಪೋಲಿಡೋರಿ, ಬೈರನ್ ಅರ್ಧಕ್ಕೆ ಬಿಟ್ಟ ಎಳೆ ಹಿಡಿದು ‘ದಿ ವ್ಯಾಂಪೈರ್’ ಬರೆದ. ಅದರಲ್ಲಿ ರಕ್ತ ಕುಡಿಯೋನು ಹಳ್ಳಿ ರೈತ ಅಲ್ಲ, ಸೂಟುಬೂಟಿನ ಶ್ರೀಮಂತ. ಅಂದಿನಿಂದ ಇವತ್ತಿನ ವೆಬ್ ಸೀರೀಸ್ ತನಕ ಅದೇ ಮಾದರಿ. ಪಾಪ, 1819ರಲ್ಲಿ ಕಥೆ ಅಚ್ಚಾದಾಗ ಪತ್ರಿಕೆ ಹಾಕಿದ್ದು ಬೈರನ್ ಹೆಸರು. 1872ರಲ್ಲಿ ಐರ್ಲೆಂಡಿನವನೇ ಆದ ಲೆ ಫಾನು ‘ಕಾರ್ಮಿಲಾ’ ಬರೆದ. ಸ್ಟೋಕರ್ ಬಂದದ್ದು ಇವರೆಲ್ಲರ ನಂತರ.

ಹಾಗಾದರೆ ಬೇತಾಳ?

ಈಗ ರೀಲಿನ ವಿಷಯಕ್ಕೆ ಬರೋಣ. ಬೇತಾಳನ 25 ಕಥೆಗಳು ನಮಗೆ ತುಂಬಾ ಹಳೇವು. 11ನೇ ಶತಮಾನದಲ್ಲಿ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿ ಇವನ್ನ ಸೇರಿಸಿದ. ನಮ್ಮ ಅಪ್ಪ ಅಮ್ಮನ ಕಾಲದವರಿಗೆ ಇವು ಗೊತ್ತಾಗಿದ್ದು ‘ಚಂದಮಾಮ’ದಿಂದ. ರಾಜನ ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಇರೋ ಆ ಚಿತ್ರ ನೆನಪಿರಬಹುದು.

ಇಂಗ್ಲಿಷಿನಲ್ಲಿ 1870ರಲ್ಲಿ ರಿಚರ್ಡ್ ಬರ್ಟನ್ ಅನ್ನೋ ಪ್ರವಾಸಿ, ಸೈನಿಕ ಇವುಗಳಲ್ಲಿ 11 ಕಥೆ ಆರಿಸಿ ತನಗೆ ಬೇಕಾದ ಹಾಗೆ ಬರೆದ. ಶೀರ್ಷಿಕೆ ‘ವಿಕ್ರಂ ಅಂಡ್ ದಿ ವ್ಯಾಂಪೈರ್’. ಗಮನಿಸಿ, ಬೇತಾಳನಿಗೆ ‘ವ್ಯಾಂಪೈರ್’ ಅನ್ನೋ ಪಟ್ಟ ಹೀಗೆ ಗಟ್ಟಿಯಾಯಿತು. ಇಂಗ್ಲಿಷ್ ಓದುಗರಿಗೆ ಥಟ್ ಅಂತ ಅರ್ಥ ಆಗೋ ಪದ ಅದು. ಪುಸ್ತಕ ಮಾರಾಟಕ್ಕೂ ಒಳ್ಳೇದು.

ಇದೇ ಬರ್ಟನ್‌ನನ್ನ ಸ್ಟೋಕರ್ 1878ರಲ್ಲಿ ಭೇಟಿಯಾದ. ಆಮೇಲೆ ಲಂಡನ್ನಿನಲ್ಲಿ ಊಟಕ್ಕೂ ಜೊತೆಯಾದರು. ಇರ್ವಿಂಗ್ ಬಗ್ಗೆ 1906ರಲ್ಲಿ ಬರೆದ ನೆನಪಿನ ಪುಸ್ತಕದಲ್ಲಿ ಸ್ಟೋಕರ್ ಆ ಭೇಟಿಗಳನ್ನ ದಾಖಲಿಸಿದ್ದಾನೆ. ಬರ್ಟನ್ ಮಾತಾಡುವಾಗ ಮೇಲ್ದುಟಿ ಎದ್ದು ಕೋರೆಹಲ್ಲು ಕತ್ತಿಯ ಥರ ಹೊಳೀತಿತ್ತು ಅನ್ನೋದು ಅವನ ಮನಸ್ಸಿನಲ್ಲಿ ಉಳಿದಿತ್ತು. ಬೇತಾಳನನ್ನ ಇಂಗ್ಲಿಷಿಗೆ ತಂದವನ ಹಲ್ಲು, ಡ್ರಾಕುಲಾ ಬರೆದವನ ನೆನಪಲ್ಲಿ. ದಾರಿ ಅಂದೆನಲ್ಲ, ಇದೇ. ಡ್ರಾಕುಲಾಗೆ ಬರ್ಟನ್ನೇ ಮಾದರಿ ಅಂತ ಊಹೆ ಮಾಡೋರಿದ್ದಾರೆ. ಅದು ಊಹೆ ಅಷ್ಟೇ, ಸಾಬೀತಾಗಿಲ್ಲ.

ಆದರೆ ಕಥೆ ಕಾಪಿ ಅಂತೂ ಅಲ್ಲ. ಯಾಕೆ? ಬೇತಾಳ ರಾಜನ ರಕ್ತ ಕುಡಿಯೋದಿಲ್ಲ. ಅವನು ಬೇರೆಯವರ ಹೆಣದೊಳಗೆ ಸೇರಿಕೊಂಡು ಪ್ರಶ್ನೆ ಕೇಳ್ತಾನೆ. ಯಾರು ಮಾಡಿದ್ದು ಸರಿ, ಯಾರದ್ದು ತಪ್ಪು, ಯಾರಿಗೆ ಏನು ಸಲ್ಲಬೇಕು ಅಂತ. ಕೊನೆಗೆ ರಾಜನನ್ನ ಬಲಿ ಕೊಡೋಕೆ ಹೊಂಚು ಹಾಕಿದ ಸನ್ಯಾಸಿಯಿಂದ ಅವನನ್ನ ಉಳಿಸೋನೂ ಬೇತಾಳನೇ. ಗೋವಾ, ಕೊಂಕಣದ ಕಡೆ ಬೇತಾಳ ಊರು ಕಾಯೋ ದೇವರು. ಡ್ರಾಕುಲಾ ನಿಮ್ಮ ರಕ್ತ ಕೇಳ್ತಾನೆ, ಬೇತಾಳ ನಿಮ್ಮ ಅಭಿಪ್ರಾಯ ಕೇಳ್ತಾನೆ. ನಮ್ಮ ಹಂಪಿಯ ರಾಘವಾಂಕ ಕೂಡ ಹರಿಶ್ಚಂದ್ರನನ್ನ ಸ್ಮಶಾನ ಕಾಯೋಕೆ ನಿಲ್ಲಿಸಿದ್ದು ಹೆದರಿಸೋಕಲ್ಲ, ಸತ್ಯದ ಪರೀಕ್ಷೆ ಮಾಡೋಕೆ. ನಮ್ಮ ಹಳೇ ಕಥೆಗಳಲ್ಲಿ ಸ್ಮಶಾನ ಒಂದು ಪರೀಕ್ಷೆ ಹಾಲ್ ಇದ್ದ ಹಾಗೆ.

ಹೋಲಿಕೆ ಬೇಕೇ ಬೇಕು ಅಂದರೆ ‘ನಾಳೆ ಬಾ’ ನೋಡಿ. 1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹೀಗೆ ಬರೀತಿದ್ರು. ದೆವ್ವ ಪರಿಚಯದ ದನಿಯಲ್ಲಿ ಕರೆಯುತ್ತೆ, ಬಾಗಿಲು ತೆಗೆದರೆ ಮುಗೀತು ಅನ್ನೋ ಗಾಳಿಸುದ್ದಿ. ಡ್ರಾಕುಲಾ ಕೂಡ ಮನೆಯವರು ಒಮ್ಮೆ ಕರೆಯದೆ ಹೊಸ್ತಿಲು ದಾಟೋ ಹಾಗಿಲ್ಲ. ಯಾರೂ ಯಾರನ್ನೂ ಕಾಪಿ ಮಾಡಿಲ್ಲ. ರಾತ್ರಿ ಬಾಗಿಲು ಬಡಿದರೆ ಎಲ್ಲಾ ದೇಶದಲ್ಲೂ ಎದೆ ಧಸಕ್ ಅನ್ನುತ್ತೆ, ಅಷ್ಟೇ.

ಒಂದು ಕೆಮ್ಮಿನ ಕಥೆ

ಸ್ಟೋಕರ್‌ನ ಟಿಪ್ಪಣಿಗಳಲ್ಲಿ 1896ರ ಒಂದು ಅಮೆರಿಕನ್ ಪತ್ರಿಕೆಯ ತುಣುಕು ಇದೆ. ನ್ಯೂ ಇಂಗ್ಲೆಂಡ್ ಭಾಗದ ‘ವ್ಯಾಂಪೈರ್’ಗಳ ಬಗ್ಗೆ. ಅದರ ಹಿಂದಿನ ಘಟನೆಗಳಲ್ಲಿ ಹೆಚ್ಚು ಹೆಸರಾದದ್ದು ಮರ್ಸಿ ಬ್ರೌನ್ ಅನ್ನೋ 19 ವರ್ಷದ ಹುಡುಗಿಯದ್ದು, ರೋಡ್ ಐಲ್ಯಾಂಡಿನ ಎಕ್ಸೆಟರ್ ಊರಿನವಳು. ಮೊದಲು ತಾಯಿ, ಆಮೇಲೆ ಅಕ್ಕ ಕ್ಷಯದಿಂದ ಸತ್ತರು. 1892ರ ಜನವರಿಯಲ್ಲಿ ಮರ್ಸಿ ಸತ್ತಳು. ಅಣ್ಣ ಎಡ್ವಿನ್ ಹಾಸಿಗೆ ಹಿಡಿದಿದ್ದ. ಸತ್ತವರಲ್ಲಿ ಯಾರೋ ಇವನನ್ನ ತಿಂತಿದ್ದಾರೆ ಅಂದರು ಊರವರು. ಮಾರ್ಚಿನಲ್ಲಿ ಹೆಣಗಳನ್ನ ತೆಗೆದು ನೋಡಿದರು. ಚಳಿಗಾಲದಲ್ಲಿ ತೀರಿಕೊಂಡ ಮರ್ಸಿಯ ದೇಹ ಕೆಟ್ಟಿರಲಿಲ್ಲ, ಆ ಹಿಮದಲ್ಲಿ ಕೆಡೋಕೆ ಸಾಧ್ಯವೂ ಇರಲಿಲ್ಲ. ಅವಳ ಹೃದಯ ಸುಟ್ಟು, ಬೂದಿ ನೀರಿಗೆ ಕಲಸಿ ಅಣ್ಣನಿಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಕ್ಷಯಕ್ಕೆ ಕಾರಣ ಒಂದು ಬ್ಯಾಕ್ಟೀರಿಯಾ ಅಂತ ರಾಬರ್ಟ್ ಕಾಕ್ 1882ರಲ್ಲೇ ಹೇಳಿಯಾಗಿತ್ತು. ಹತ್ತು ವರ್ಷ ಕಳೆದರೂ ಆ ಸುದ್ದಿ ಆ ಮನೆ ಮುಟ್ಟಿರಲಿಲ್ಲ.

ಇದನ್ನ ಓದಿದ ದಿನ ಊಟಕ್ಕೆ ಕೂತಾಗ ಅಜ್ಜಿಗೆ ಹೇಳಿದೆ. ಅಜ್ಜಿ ತಟ್ಟೆ ಬದಿಗಿಟ್ಟು ಸುಮ್ಮನೆ ಕೂತಳು. ಆಮೇಲೆ ತನ್ನ ತಂಗಿಯ ಹೆಸರು ತೆಗೆದಳು. ಆ ಚಿಕ್ಕಜ್ಜಿಯನ್ನ ನಾನು ನೋಡಿದ್ದು ಬಹಳ ಸಣ್ಣವನಿದ್ದಾಗ. ಮದುವೆ ಮನೆಗಳಲ್ಲಿ ಅವಳು ಯಾವಾಗಲೂ ಅಡುಗೆ ಮನೆಯ ಹಿಂದೆ ಇರ್ತಿದ್ದಳು, ಚಪ್ಪರದ ಕಡೆ ಬರ್ತಿರಲಿಲ್ಲ. ಯಾಕೆ ಅಂತ ನಾನು ಕೇಳಿರಲಿಲ್ಲ.

ಅಜ್ಜಿಯ ಮಾತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವಳ ಒಪ್ಪಿಗೆಯಿಂದಲೇ ಇಲ್ಲಿ ಬರೀತಿದೀನಿ: “ಮೊದ್ಲು ಅಕಿ ಗಂಡಗ ಕೆಮ್ಮು ಬಂತು. ಸಂಜಿಗೆ ಜ್ವರ, ಉಗುಳಿದ್ರ ರಕ್ತ. ಒಣಗಿ ಒಣಗಿ ಹೋದ. ಆಮ್ಯಾಲ ಮೈದುನ, ಆಮ್ಯಾಲ ಮಗಳು. ಅತ್ತಿ ಮನ್ಯಾಗ ಏನಂದ್ರು ಗೊತ್ತೇನು? ಮೂರು ಮಂದೀನ ತಿಂದ್ಲು ಅಂದ್ರು. ತಿಂದಾಕಿ, ತಿಂದಾಕಿ ಅಂತ ಅಂದು ತವರಿಗೆ ಕಳಿಸಿದ್ರು.”

ನಾನು ಡಾಕ್ಟರಲ್ಲ. ಆ ಕಾಲದಲ್ಲಿ ಪರೀಕ್ಷೆ ಮಾಡಿಸಿದವರೂ ಇಲ್ಲ. ಆದರೆ ಸಂಜೆ ಜ್ವರ, ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯೋದು, ಒಂದೇ ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು. ಇದನ್ನ ಕೇಳಿದರೆ ಯಾವ ಆಶಾ ಕಾರ್ಯಕರ್ತೆಯೂ ಮೊದಲು ಕಫ ಪರೀಕ್ಷೆ ಮಾಡಿಸಿ ಅಂತಾರೆ.

‘ತಿಂದ್ಕೊಂಡಳು’. ಈ ಪದವನ್ನ ನಾವು ಎಷ್ಟು ಸಲ ಕೇಳಿದ್ದೀವಿ? ಗಂಡನ್ನ ತಿಂದ್ಕೊಂಡಳು, ಹುಟ್ಟಿದ ಕೂಡಲೇ ತಾಯಿನ ತಿಂದ್ಕೊಂಡಿತು. ಬೈಗುಳ ಅಂತ ಕೂಡ ಅನಿಸದಷ್ಟು ರೂಢಿ ಆಗಿದೆ. ಇಷ್ಟು ದಿನ ನಾನು ರಕ್ತಪಿಶಾಚಿ ಅಂದರೆ ಯುರೋಪಿನದ್ದು, ನಮ್ಮಲ್ಲಿ ಇಲ್ಲ ಅಂದ್ಕೊಂಡಿದ್ದೆ. ನಮ್ಮಲ್ಲೂ ಇದೆ, ಆದರೆ ಗೋರಿಯಲ್ಲಿ ಇಲ್ಲ, ಮಾತಿನಲ್ಲಿದೆ. ಸರ್ಬಿಯಾದವರು, ರೋಡ್ ಐಲ್ಯಾಂಡಿನವರು ತಪ್ಪನ್ನ ಸತ್ತವರ ಮೇಲೆ ಹಾಕಿದರು. ಸತ್ತವರಿಗೆ ನೋವಾಗಲಿಲ್ಲ. ನಾವು ಬದುಕಿ ಉಳಿದವಳ ಮೇಲೆ ಹಾಕಿದ್ವಿ. ಅವಳು ಇನ್ನೂ ನಲವತ್ತು ವರ್ಷ ಅಡುಗೆ ಮನೆಯ ಹಿಂದೆ ಕೂತಳು.

ಸ್ಟೋಕರ್‌ನ ತಾಯಿ ಷಾರ್ಲಟ್ ಕೂಡ 1832ರಲ್ಲಿ ಐರ್ಲೆಂಡಿನ ಸ್ಲೈಗೋ ಊರನ್ನ ಕಾಲರಾ ತಿಂದು ಹಾಕಿದ್ದನ್ನ ಕಣ್ಣಾರೆ ಕಂಡವಳು. ಕಾಯಿಲೆಯಿಂದ ಮಲಗಿರ್ತಿದ್ದ ಮಗನಿಗೆ ಅದನ್ನ ಕಥೆ ಮಾಡಿ ಹೇಳ್ತಿದ್ದಳು. ಅಂದರೆ ಡ್ರಾಕುಲಾದ ಬೇರಿನಲ್ಲೂ ಇರೋದು ಸಾಂಕ್ರಾಮಿಕ ರೋಗವೇ. ಯಾಕೆ ಸಾಯ್ತಿದ್ದಾರೆ ಅಂತ ಗೊತ್ತಾಗದೇ ಇದ್ದಾಗ ಮನುಷ್ಯ ಒಂದು ಮುಖ ಹುಡುಕ್ತಾನೆ. ಕಾದಂಬರಿಕಾರ ಆ ಮುಖಕ್ಕೆ ಕೌಂಟ್ ಅಂತ ಹೆಸರಿಟ್ಟು ಪುಸ್ತಕದೊಳಗೆ ಕೂರಿಸಿದರೆ ಯಾರಿಗೂ ತೊಂದರೆ ಇಲ್ಲ. ನಾವು ಪಕ್ಕದ ಮನೆಯವಳ ಹೆಸರಿಟ್ಟರೆ ತೊಂದರೆ.

ಆದ್ದರಿಂದ ರೀಲ್ ಕಳಿಸಿದವರಿಗೆ ನನ್ನ ಉತ್ತರ: ಡ್ರಾಕುಲಾ ಬೇತಾಳನ ಕಾಪಿ ಅಲ್ಲ. ದೆವ್ವದ ಕಥೆ ಓದಿ, ಬರೀರಿ, ಗದ್ದೆಗೆ ನೀರು ಕಟ್ಟೋಕೆ ರಾತ್ರಿ ಹೋಗೋರನ್ನ ಹಿಡಿದು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಕಂಪ್ಲಿ, ಸಂಡೂರು, ಹೊಸಪೇಟೆ ಕಡೆಯ ಅಜ್ಜ ಅಜ್ಜಿಯರ ಹತ್ತಿರ ಬೇಕಾದಷ್ಟಿವೆ. ಆದರೆ ಮನೆಯಲ್ಲಿ ಯಾರಿಗಾದರೂ ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಕಫ ಪರೀಕ್ಷೆ, ಕ್ಷಯದ ಮಾತ್ರೆ ಎರಡೂ ಅಲ್ಲಿ ಉಚಿತ. ಮಾತ್ರೆ ಸಾಮಾನ್ಯವಾಗಿ ಆರು ತಿಂಗಳು, ಮಧ್ಯದಲ್ಲಿ ಬಿಡಬಾರದು. ಮುಂದಿನ ಸಲ ಯಾರಾದರೂ ‘ತಿಂದ್ಕೊಂಡಳು’ ಅಂದರೆ, ಬೇತಾಳನ ಥರ ಒಂದು ಪ್ರಶ್ನೆ ಕೇಳಿ: “ಅವರಿಗೆ ಯಾವ ಕಾಯಿಲೆ ಇತ್ತು?”

ನಮ್ಮ ಮನೆಯಲ್ಲಿ ಬರೋ ತಿಂಗಳು ಒಂದು ಮದುವೆ ಇದೆ. ಅಕ್ಷತೆ ಹಾಕೋಕೆ ಚಿಕ್ಕಜ್ಜಿ ಈಗಿಲ್ಲ. ಅವಳ ಒಂದೇ ಒಂದು ಫೋಟೋ ಟ್ರಂಕಿನಲ್ಲಿತ್ತು. ಅಜ್ಜಿ ಅದನ್ನ ತೆಗೆದು, ಕಂಪ್ಲಿಗೆ ಹೋದಾಗ ಫ್ರೇಮ್ ಹಾಕಿಸಿಕೊಂಡು ಬಾ ಅಂದಿದ್ದಾಳೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಹೋಗ್ತಿದೀನಿ.